ಮಂದಿ ಭಾಳ ಬರೋರಿದ್ರ ದಾಲ್ಚಿನ್ನಿ ಸಕ್ರಿ ಚೀಸ್‌ಕೇಕ್: ತತ್ತಿ ಇಲ್ದಂಗ, ಮನಿ ಚಕ್ಕಾದಾಗ, ಒಂದು ದಿನ ಮೊದ್ಲ

ಹೋಳಗಿ ಮಾಡ್ಲಾಕ ಬರ್ತದ ಅಂದ್ರ ಈ ಚೀಸ್‌ಕೇಕ್ ನಿಮಗ ಅರ್ಧ ಬಂದಂಗ ನೋಡ್ರಿ. ಕೆಳಗ ಒಂದು ಪದರು ಕಣಕ, ನಡುವ ಸಿಹಿ ಹೂರಣ, ಮ್ಯಾಲ ಇನ್ನೊಂದು ಪದರು ಕಣಕ, ಅದರ ಮ್ಯಾಲ ಕರಗಿದ ಬೆಣ್ಣಿ ಸುರುವಿ ದಾಲ್ಚಿನ್ನಿ ಪುಡಿ ಕಲಸಿದ ಸಕ್ರಿ ಉದುರಿಸಿ ಓವನ್‌ದಾಗ ಇಡೋದು, ಇಷ್ಟ. ಹೂರಣ ನೀರ ನೀರ ಆದ್ರ ಹೋಳಗಿ ಹರೀತದ ಅಲ್ರಿ, ಇಲ್ಲೀನೂ ಅದೇ ಲೆಕ್ಕ, ಹೂರಣದಾಗ ನೀರು ಉಳಿದ್ರ ಇಡೀ ಟ್ರೇ ಕೆಡ್ತದ. ಈ ಒಂದು ಮಾತು ತಲ್ಯಾಗ ಇಟ್ಕೊಂಡು ಮುಂದಿಂದು ಓದ್ರಿ, ಬಾಕಿ ಎಲ್ಲಾ ತಾನಾಗೇ ಕೂಡ್ತದ.

ಇದು ಮೂಲ ಅಮೆರಿಕಾದ್ದು, ಸೋಪಾಪಿಯಾ ಚೀಸ್‌ಕೇಕ್ ಅಂತಾರ. ಅಲ್ಲಿ ನ್ಯೂ ಮೆಕ್ಸಿಕೋ ಕಡಿ ಸೋಪಾಪಿಯಾ ಅಂತ ಎಣ್ಣ್ಯಾಗ ಕರಿದು ಉಬ್ಬಿಸಿದ ನಮ್ಮ ಪೂರಿ ಥರದ್ದು ಒಂದು ಇರ್ತದ, ಅದಕ್ಕ ಜೇನು ಹಚ್ಕೊಂಡು ತಿಂತಾರ, ಆ ರುಚಿನೇ ಟ್ರೇದಾಗ ತಂದಾರ. ಅಲ್ಲಿಯವರು ಕ್ರೆಸೆಂಟ್ ರೋಲ್ ಅಂತ ಡಬ್ಬ್ಯಾಗ ಬರೋ ರೆಡಿ ಹಿಟ್ಟು ಎರಡು ಡಬ್ಬಿ, ಕ್ರೀಮ್ ಚೀಸ್ ಎರಡು ಪ್ಯಾಕೆಟ್, 9 ಇಂಚ್ 13 ಇಂಚ್ ಟ್ರೇ, ಇಷ್ಟರಾಗ ಮುಗಸ್ತಾರ. ಕಲಬುರಗ್ಯಾಗ ನಾನು ಆ ಹಿಟ್ಟಿನ ಡಬ್ಬಿ ಯಾವ ಅಂಗಡ್ಯಾಗೂ ನೋಡಿಲ್ಲ, ಅದಕ್ಕ ಕಣಕ ಮನ್ಯಾಗೇ ಮಾಡ್ತೀನಿ, ಚೀಸ್ ಬದ್ಲಿ ಚಕ್ಕಾ (ಅರಿವ್ಯಾಗ ಕಟ್ಟಿ ನೀರು ಹಿಂಗಿಸಿದ ಮೊಸರು) ಮತ್ತ ಪನೀರ್ ಹಾಕ್ತೀನಿ. ಮೂಲದಾಗೇ ಇದಕ್ಕ ತತ್ತಿ ಇಲ್ಲ, ಜೆಲಾಟಿನ್ ಇಲ್ಲ. ನಮ್ಮ ಕಡಿ ಕಾರ್ಯಕ್ರಮ ಅಂದ್ರ ಹತ್ತು ಮನಿ ಮಂದಿ ಕೂಡ್ತಾರ, ತತ್ತಿ ತಿನ್ನೋರು ಇರ್ತಾರ ತಿನ್ನಲಾರದೋರೂ ಇರ್ತಾರ, ಒಬ್ಬರಿಗೂ "ಇದು ನಿಮಗ ನಡ್ಯಂಗಿಲ್ಲ ಕಾಕೂ" ಅಂತ ಹೇಳೋ ಪ್ರಸಂಗ ಬರಬಾರದು, ನನಗ ಇದು ದೊಡ್ಡ ಮಾತು.

ನಾ ಮೊದಲ ಸಲ ದೊಡ್ಡ ಪ್ರಮಾಣದಾಗ ಮಾಡಿದ್ದು ಅಕ್ಕನ ಮಗಳ ಕುಬಸಕ್ಕ, ಅರವತ್ತು ಮಂದಿ. ಊಟದಾಗ ಶೇಂಗಾ ಹೋಳಗಿ, ಹುಗ್ಗಿ ಎಲ್ಲಾ ಇತ್ತು, ಇದು ಸಂಜಿ ಚಹಾದ ಜೋಡಿ ಅಂತ ಇಟ್ಟಿದ್ವಿ. ನಮ್ಮತ್ತಿ ಒಂದು ತುಂಡು ಬಾಯಾಗ ಇಟ್ಕೊಂಡು "ಇದು ಖವಾ ಹೋಳಗಿ ಹಂಗ ಅದ ಅಲ್ಲವಾ, ಬರೇ ತಣ್ಣಗ ಅದ" ಅಂದ್ರು, ಇನ್ನೊಂದು ಕೇಳಿ ತಗೊಂಡ್ರು. ಬಾಜೂ ಮನಿ ಚಾಚಿ ಮರುದಿನ ಬಂದು ಹೆಂಗ ಮಾಡ್ಬೇಕು ಅಂತ ಬರ್ಕೊಂಡು ಹೋದ್ರು, ಈದ್‌ಗೆ ಶೀರ್ ಖುರ್ಮಾ ಕಳಸಿದಾಗ ಜೋಡಿ ಇದರ ನಾಲ್ಕು ತುಂಡೂ ಬಂದಿದ್ವು, ನನಕಿಂತ ಛಲೋ ಆಗಿದ್ವು. ಅವರಿಗೆ ಏನು ಬರ್ಕೊಟ್ಟಿದ್ನೋ ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ.

ಎಷ್ಟು ಮಂದಿಗೆ ಎಷ್ಟು

ಮೊದ್ಲ ಟ್ರೇ ಮಾತು. 9 ಇಂಚ್ 13 ಇಂಚ್ ಟ್ರೇ ತಗೊಂಡು ಬಂದು ಓವನ್‌ದಾಗ ಹಿಡಿಲಾರದ ವಾಪಸ್ ಕೊಟ್ಟೋರನ್ನ ನೋಡೀನಿ, ಮನ್ಯಾಗಿನ ಸಣ್ಣ ಓಟಿಜಿಗೆ 13 ಇಂಚ್ ಅಂದ್ರ 33 ಸೆಂಟಿಮೀಟರ್ ಭಾಳ ಆಗ್ತದ, ಮ್ಯಾಲಿಂದ ಟ್ರೇದ ಸುತ್ತ ಗಾಳಿ ಆಡ್ಲಾಕ ಜಾಗಾನೂ ಬೇಕು. ಅದಕ್ಕ 8 ಇಂಚ್ ಚೌಕ ಟ್ರೇ ಎರಡು ತಗೋರಿ. ಲೆಕ್ಕ ಹಾಕಿ ನೋಡ್ರಿ, ದೊಡ್ಡ ಟ್ರೇ 117 ಚದರ ಇಂಚ್, ಸಣ್ಣವು ಎರಡು ಕೂಡಿ 128, ಹೆಚ್ಚು ಕಡಿಮಿ ಅಷ್ಟೇ. ಒಂದು ಟ್ರೇಕ್ಕ ಎರಡು ಇಂಚಿನ ತುಂಡು 16, ಎರಡು ಟ್ರೇಕ್ಕ 32. ಹೊಟ್ಟಿ ತುಂಬಾ ಉಂಡ ಮ್ಯಾಲ ಕೊಡೋದಿದ್ರ ಒಬ್ಬರಿಗೆ ಒಂದು ಸಾಕು, ಬರೇ ಚಹಾದ ಜೋಡಿ ಅಂದ್ರ ಒಂದೂವರಿ ಹಿಡೀರಿ. ಅರವತ್ತು ಮಂದಿ ಊಟಕ್ಕ ಬರ್ತಾರ ಅಂದ್ರ ಕೆಳಗಿನ ಅಳತಿ ಡಬಲ್ ಮಾಡ್ರಿ, ನಾಲ್ಕು ಟ್ರೇ.

ಎರಡು ಟ್ರೇಕ್ಕ ಬೇಕಾಗೋದು:

ಕಣಕಕ್ಕ: ಮೈದಾ 300 ಗ್ರಾಂ, ತಣ್ಣನ ಬೆಣ್ಣಿ 100 ಗ್ರಾಂ, ಗಟ್ಟಿ ಮೊಸರು 100 ಗ್ರಾಂ, ತಣ್ಣನ ಹಾಲು ಎರಡು ದೊಡ್ಡ ಚಮಚಾ, ಸಕ್ರಿ ಒಂದು ದೊಡ್ಡ ಚಮಚಾ, ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚಾ, ಉಪ್ಪು ಅರ್ಧ ಸಣ್ಣ ಚಮಚಾ (ಬೆಣ್ಣ್ಯಾಗ ಉಪ್ಪಿದ್ರ ಚಿಟಿಕಿ ಸಾಕು).

ಹೂರಣಕ್ಕ: ನೀರು ಪೂರಾ ಹಿಂಗಿದ ಚಕ್ಕಾ 400 ಗ್ರಾಂ, ಮೆತ್ತನ ಪನೀರ್ 200 ಗ್ರಾಂ, ಫ್ರೆಶ್ ಕ್ರೀಮ್ 50 ಎಂಎಲ್, ಪುಡಿ ಸಕ್ರಿ 150 ಗ್ರಾಂ, ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚಾ, ವೆನಿಲಾ ಎಸೆನ್ಸ್ ಒಂದು ಸಣ್ಣ ಚಮಚಾ, ಚಿಟಿಕಿ ಉಪ್ಪು.

ಮ್ಯಾಲ ಹಾಕ್ಲಾಕ: ಬೆಣ್ಣಿ 80 ಗ್ರಾಂ, ಸಕ್ರಿ 100 ಗ್ರಾಂ, ದಾಲ್ಚಿನ್ನಿ ಪುಡಿ ಒಂದು ದೊಡ್ಡ ಚಮಚಾ, ಬೇಕಂದ್ರ ಜೇನು.

ಕ್ರೀಮ್ ಚೀಸ್ ಸಿಕ್ರ ಚಕ್ಕಾ ಪನೀರ್ ಕ್ರೀಮ್ ಮೂರೂ ಬಿಟ್ಟು ಅದನ್ನೇ 450 ಗ್ರಾಂ ಹಾಕ್ರಿ, ಕಾರ್ನ್‌ಫ್ಲೋರ್ ಒಂದೇ ಚಮಚಾ ಸಾಕು. ಆದ್ರ ಅರವತ್ತು ಮಂದಿ ಲೆಕ್ಕಕ್ಕ ಅದು ಭಾಳ ತುಟ್ಟಿ ಬೀಳ್ತದ. ಮತ್ತ ನನಗ ಚಕ್ಕಾದ ಆ ಸಣ್ಣ ಹುಳಿನೇ ಸೇರ್ತದ, ದಾಲ್ಚಿನ್ನಿ ಜೋಡಿ ಅದು ಛಲೋ ಒಪ್ಪತದ.

ಚಕ್ಕಾ, ಇಲ್ಲೇ ಎಲ್ಲಾ ಅದ

ಶ್ರೀಖಂಡಕ್ಕ ಚಕ್ಕಾ ಕಟ್ಟೋದು ನಮ್ಮ ಮನಿಗಳಾಗ ಹೊಸಾದೇನಲ್ಲ, ಆದ್ರ ಶ್ರೀಖಂಡಕ್ಕ ನಡೀತದ ಅನ್ನೋ ಚಕ್ಕಾ ಇದಕ್ಕ ಸಾಲಂಗಿಲ್ಲ, ಇನ್ನೂ ಗಟ್ಟಿ ಬೇಕು. ಕೆನಿ ತೆಗಿಲಾರದ ಹಾಲಿನ ಮೊಸರು, ಎಮ್ಮಿ ಹಾಲಿಂದಾದ್ರ ಇನ್ನೂ ಛಲೋ, ಹುಳಿ ಬಂದಿರಬಾರದು. 400 ಗ್ರಾಂ ಚಕ್ಕಾಕ್ಕ ನಾ 1 ಕಿಲೋ 200 ಗ್ರಾಂ ಮೊಸರು ಕಟ್ತೀನಿ. ಮೊಸರು ಮೊಸರಿಗೆ ಫರಕ ಇರ್ತದ, ಅದಕ್ಕ ಮೊಸರಿನ ತೂಕ ನಂಬಬ್ಯಾಡ್ರಿ, ನೀರು ಹಿಂಗಿದ ಮ್ಯಾಲ ಚಕ್ಕಾನೇ ತೂಕ ಮಾಡ್ರಿ. ತೆಳ್ಳನ ಹತ್ತಿ ಅರಿವಿ ಎರಡು ಮಡಿಕಿ ಹಾಸಿ, ಮೊಸರು ಹಾಕಿ ಗಂಟು ಕಟ್ಟಿ, ಜರಡಿ ಮ್ಯಾಲ ಇಟ್ಟು ಕೆಳಗ ಪಾತೇಲಿ ಇಟ್ಟು ಫ್ರಿಜ್‌ದಾಗ ಇಡ್ರಿ, ಹೊರಗ ನಲ್ಲಿಗೆ ತೂಗ ಹಾಕಬ್ಯಾಡ್ರಿ. ನಮ್ಮ ಊರಾಗ ಏಪ್ರಿಲ್ ಮೇದಾಗ ಬಿಸಲು 40 ಡಿಗ್ರಿ ದಾಟ್ತದ, ಹೊರಗ ತೂಗಿದ ಮೊಸರು ನಾಲ್ಕು ತಾಸಿನ್ಯಾಗ ಹುಳ್ಳಗಾಗಿ ವಾಸನಿ ಹಿಡೀತದ. ಮೊದಲ ನಾಲ್ಕು ತಾಸು ಸುಮ್ನ ಬಿಡ್ರಿ, ಆಮ್ಯಾಲ ಗಂಟಿನ ಮ್ಯಾಲ ಒಂದು ತಾಟ ಇಟ್ಟು, ತಾಟಿನ ಮ್ಯಾಲ ಒಂದು ಕಿಲೋ ಬ್ಯಾಳಿ ಪ್ಯಾಕೆಟ್ ಇಡ್ರಿ, ತೊಗರಿ ಬ್ಯಾಳಿಗೆ ನಮ್ಮಲ್ಲಿ ಬರ ಇಲ್ಲಲ್ಲ. ರಾತ್ರಿ ಇಟ್ರ ಮುಂಜಾನಿಗೆ ರೆಡಿ, ಅಂದಾಜು 10 ತಾಸು.

ಈಗ ಪರೀಕ್ಷಾ. ಟಿಶ್ಯೂ ಪೇಪರ್ ಎರಡು ಮಡಿಕಿ ಮಾಡಿ ಅದರ ಮ್ಯಾಲ ಒಂದು ಚಮಚಾ ಚಕ್ಕಾ ಇಡ್ರಿ, ಐದು ನಿಮಿಷ ಬಿಟ್ಟು ಎತ್ತಿ ನೋಡ್ರಿ. ಇಟ್ಟ ಜಾಗಾದಾಗ ಬರೇ ಒಂದು ತೇವದ ಗುರ್ತು ಇದ್ರ ಆಯ್ತು. ಸುತ್ತಲೂ ಒದ್ದಿ ಉಂಗುರ ಹರಡಿದ್ರ ಇನ್ನೂ ಎರಡು ತಾಸು ಬೇಕು ಅಂತ ಅರ್ಥ, ಅರಿವಿ ಬದಲಿ ಮಾಡಿ ಮತ್ತ ಕಟ್ಟ್ರಿ, ಹಳೇ ಅರಿವಿ ಒದ್ದಿ ಆಗಿರ್ತದ ಅದು ಇನ್ನ ನೀರು ಎಳಿಯಂಗಿಲ್ಲ. ಇನ್ನೊಂದು ಗುರ್ತು, ಬೆರಳಿಲೆ ಚಕ್ಕಾದ ನಡುವ ಗೆರಿ ಎಳದ್ರ ಆ ಗೆರಿ ಹಂಗೇ ನಿಲ್ಲಬೇಕು, ಗ್ವಾಡಿ ಜಾರಿ ಕೂಡಬಾರದು. ನನ್ನ ಮೊದಲನೇ ಟ್ರೇ ಕೆಟ್ಟಿದ್ದು ಇಲ್ಲೇ, ಅವಸರದಾಗ ಐದು ತಾಸಿಗೆ ಬಿಚ್ಚಿದೆ, ಬೇಯಿಸಿದಾಗ ಮ್ಯಾಲ ಛಲೋ ಕಂಡ್ತು, ಕೊಯ್ದ ಮ್ಯಾಲ ಕೆಳಗಿನ ಪದರು ಒದ್ದಿ ರೊಟ್ಟಿ ಹಂಗ ಜೋತು ಬಿತ್ತು.

ಕೆಳಗ ಇಳಿದ ನೀರು ಚೆಲ್ಲಬ್ಯಾಡ್ರಿ, ಚಪಾತಿ ಹಿಟ್ಟು ಕಲಸ್ಲಾಕ ಭಾಳ ಛಲೋ, ಸಾರಿಗೂ ನಡೀತದ.

ಹೂರಣ ಕೂಡಿಸೋದು

ಪನೀರ್ ಮತ್ತ ಕ್ರೀಮ್ ಎರಡೇ ಮಿಕ್ಸ್ಯಾಗ ಹಾಕಿ ನುಣ್ಣಗ ರುಬ್ರಿ, ಬೆರಳ ನಡುವ ತಿಕ್ಕಿದ್ರ ಒಂದು ಕಾಳೂ ಹತ್ತಬಾರದು, ನಡುನಡುವ ನಿಲ್ಲಿಸಿ ಬದೀ ಕೆರಕೋತ ರುಬ್ಬಬೇಕು ಇಲ್ಲಂದ್ರ ಕೆಳಗ ನುಣ್ಣಗಾಗಿ ಮ್ಯಾಲ ಕಾಳ ಕಾಳ ಉಳೀತದ. ಚಕ್ಕಾ ಮಾತ್ರ ಮಿಕ್ಸಿಗೆ ಹಾಕಬ್ಯಾಡ್ರಿ. ಬ್ಲೇಡ್ ತಿರುಗಿದ್ರ ಚಕ್ಕಾದ ಕಟ್ಟು ಒಡದು ಅದು ತೆಳ್ಳಗ ಮಜ್ಜಿಗಿ ಕಡಿ ಹೋಗ್ತದ, ಹತ್ತು ತಾಸು ಕಟ್ಟಿದ್ದು ಹತ್ತು ಸೆಕೆಂಡಿನ್ಯಾಗ ಹಾಳು. ಅದನ್ನ ಬ್ಯಾರೆ ಬೋಗಾಣ್ಯಾಗ ಚಮಚಾಲೆ ನಯ ಮಾಡಿ, ಪನೀರ್ ಪೇಸ್ಟ್ ಅದಕ್ಕ ಸೇರಿಸಿ ಕೈಲೆ ಕೂಡಿಸ್ರಿ. ಆಮ್ಯಾಲ ಕಾರ್ನ್‌ಫ್ಲೋರ್, ಉಪ್ಪು, ವೆನಿಲಾ. ಸಕ್ರಿ ಎಲ್ಲಾಕಿಂತ ಕಡೀಗೆ, ಟ್ರೇಕ್ಕ ಸುರುವೋ ಹತ್ತು ನಿಮಿಷ ಮೊದ್ಲ, ಯಾಕಂದ್ರ ಸಕ್ರಿ ಬಿದ್ದ ಕೂಡ್ಲೇ ಚಕ್ಕಾ ನೀರು ಬಿಡ್ತದ. ಕಾರ್ನ್‌ಫ್ಲೋರ್ ಇರೋದೂ ಇದೇ ಕೆಲಸಕ್ಕ, ಉಳಿದ ನೀರು ಓವನ್ ಕಾವಿನ್ಯಾಗ ಅದು ಹೀರ್ಕೊಂಡು ಗಟ್ಟಿ ಹಿಡೀತದ.

ಏಲಕ್ಕಿ ಹಾಕಬೇಕು ಅಂತ ಕೈ ಹೋಗ್ತದ, ಗೊತ್ತು. ಹಾಕಬ್ಯಾಡ್ರಿ, ಏಲಕ್ಕಿ ಬಂದ್ರ ದಾಲ್ಚಿನ್ನಿ ಹಿಂದ ಸರೀತದ, ಇದು ದಾಲ್ಚಿನ್ನಿ ಹಬ್ಬ.

ಕಣಕ, ಮತ್ತ ಇಲ್ಲಿ ಹೋಳಗಿ ಮರೀಬೇಕು

ಹೋಳಗಿ ಕಣಕ ಎಣ್ಣಿ ಹಾಕಿ ಕುಟ್ಟಿ ಕುಟ್ಟಿ ನಾದ್ತೀವಿ, ಅದು ಜಿಗಟ ಬರಬೇಕು. ಇದಕ್ಕ ಉಲ್ಟಾ, ಎಷ್ಟು ಕಡಿಮಿ ಮುಟ್ಟತೀರೋ ಅಷ್ಟು ಛಲೋ. ನಾದಿದ್ರ ಜಿಗಟ ಬಂದು ಪದರು ಬಿಸ್ಕೂಟಿನಂಗ ಪುಡಿ ಪುಡಿ ಆಗೋ ಬದ್ಲಿ ರಬ್ಬರ್ ಆಗ್ತದ. ಬೆಣ್ಣಿ ಅರ್ಧ ತಾಸು ಫ್ರೀಜರ್‌ದಾಗ ಇಟ್ಟು ಗಜ್ಜರಿ ತುರಿಯೋ ತುರಿಮಣಿಲೆ ಮೈದಾದಾಗ ತುರೀರಿ, ಬ್ಯಾಸಗ್ಯಾಗ ಇದು ಬಿಟ್ರ ಬ್ಯಾರೆ ದಾರಿ ಇಲ್ಲ, ಕೈಲೆ ತಿಕ್ಕಿದ್ರ ಬೆಣ್ಣಿ ಕರಗೇ ಹೋಗ್ತದ. ಮೈದಾದಾಗ ಮೊದ್ಲೇ ಬೇಕಿಂಗ್ ಪೌಡರ್, ಉಪ್ಪು, ಸಕ್ರಿ ಕೂಡಿಸಿ ಇಟ್ಟಿರ್ಬೇಕು. ತುರಿದ ಬೆಣ್ಣಿ ಬೆರಳ ತುದಿಲೆ ಹಗುರಕ ಕಲಸಿ, ಮೊಸರು ಹಾಕಿ, ಹಾಲು ಬೇಕಾದಷ್ಟೇ ಚಿಮಕಿಸಿ ಒಟ್ಟು ಮಾಡ್ರಿ. ಉಂಡಿ ಕಟ್ಟಿತು ಅಂದ್ರ ಕೈ ತೆಗೀರಿ. ನಡುವ ಬೆಣ್ಣಿ ಚುಕ್ಕಿ ಬೆಳ್ಳಗ ಕಾಣ್ತಿರ್ಬೇಕು, ಆ ಚುಕ್ಕಿ ಓವನ್‌ದಾಗ ಕರಗಿ ಹಬಿ ಆಗಿ ಪದರು ಎತ್ತತದ.

ನಾಲ್ಕು ಪಾಲು ಮಾಡ್ರಿ, ಒಂದೊಂದು ಸುಮಾರು 135 ಗ್ರಾಂ ಬರ್ತದ. ಮುಚ್ಚಿ ಫ್ರಿಜ್‌ದಾಗ ಅರ್ಧ ತಾಸು. ಆಮ್ಯಾಲ ಎರಡು ಬಟರ್ ಪೇಪರ್ ನಡುವ ಇಟ್ಟು ಲಟ್ಟಿಸ್ರಿ, ಟ್ರೇ ಅಳತಿಗೆ ಚೌಕ, ಮೂರು ಮಿಲಿಮೀಟರ್ ದಪ್ಪ, ಅಂದ್ರ ನಮ್ಮ ಚಪಾತಿಕಿಂತ ದಪ್ಪ. ಮೂಲಿ ಹರದ್ರ ಚಿಂತಿ ಬ್ಯಾಡ, ಒಂದು ಚೂರು ತಗೊಂಡು ಒತ್ತಿ ಮುಚ್ರಿ, ಒಳಗ ಹೋಗೋದು ಯಾರಿಗೆ ಕಾಣಬೇಕು.

ದಾಲ್ಚಿನ್ನಿ

ಪುಡಿ ಪ್ಯಾಕೆಟ್ ತರಬ್ಯಾಡ್ರಿ, ಹೊಸಾದಾಗಿ ಕುಟ್ಟಿದ್ದಕ್ಕೂ ಅದಕ್ಕೂ ಭಾಳ ಫರಕ ಅದ, ದಾಲ್ಚಿನ್ನಿ ವಾಸನಿ ಎಣ್ಣಿ ರೂಪದಾಗ ಇರ್ತದ, ಪುಡಿ ಆದ ಮ್ಯಾಲ ದಿನಾ ದಿನಾ ಹಾರಿ ಹೋಗ್ತದ. ಕಿರಾಣಿ ಅಂಗಡ್ಯಾಗ ಮಸಾಲಿಗೆ ಅಂತ ಕೊಡೋ ದಪ್ಪನ, ಗಡಸು ತೊಗಟಿ ಬಹುತೇಕ ಕೆಸಿಯಾ ಜಾತಿದು, ಖಾರ ವಾಸನಿ ಜೋರು. ಸಿಲೋನ್ ದಾಲ್ಚಿನ್ನಿ ತೆಳ್ಳನ ಪದರು ಪದರು ಸುರುಳಿ ಇರ್ತದ, ಕೈಲೆ ಹಿಸುಕಿದ್ರ ಮುರೀತದ, ಅದರದು ಸಿಹಿ ನಯ ವಾಸನಿ. ಎರಡೂ ನಡೀತಾವ. ತವಾ ಬಿಸಿ ಮಾಡಿ ಗ್ಯಾಸ್ ಬಂದ್ ಮಾಡಿದ ಮ್ಯಾಲ ಅದರ ಮ್ಯಾಲ ಎರಡು ನಿಮಿಷ ಇಟ್ಟು, ಆರಿಸಿ, ಮಿಕ್ಸಿಗೆ ಹಾಕಿ, ಹಿಟ್ಟಿನ ಸಣ್ಣ ಜರಡಿಲೆ ಸೋಸ್ರಿ. ಸೋಸೋದು ಬಿಡಬ್ಯಾಡ್ರಿ, ನಾರು ಹಲ್ಲಿಗೆ ಸಿಕ್ರ ತಿನ್ನೋರ ಮುಖ ಸಣ್ಣಗಾಗ್ತದ. ಉಳಿದ ತರಿ ಡಬ್ಬ್ಯಾಗ ಹಾಕಿಡ್ರಿ, ಚಹಾಕ್ಕ ಬರ್ತದ. ಪುಡಿನ 100 ಗ್ರಾಂ ಸಕ್ರಿ ಜೋಡಿ ಕಲಸ್ರಿ. ಮ್ಯಾಲಿನ ಸಕ್ರಿ ಪುಡಿ ಮಾಡಬಾರದು, ಕಾಳು ಕಾಳೇ ಇರಬೇಕು, ಹಲ್ಲಾಗ ಕರ್ ಅನ್ನೋದು ಆ ಕಾಳಿಂದೇ.

ಜೋಡ್ಸೋದು, ಬೇಯ್ಸೋದು

ಓವನ್ 180 ಡಿಗ್ರಿಗೆ 15 ನಿಮಿಷ ಕಾಯ್ಲಾಕ ಬಿಡ್ರಿ, ಮ್ಯಾಲಿಂದು ಕೆಳಗಿಂದು ಎರಡೂ ರಾಡ್ ಚಾಲೂ. ಟ್ರೇಕ್ಕ ಬಟರ್ ಪೇಪರ್ ಹಾಕುವಾಗ ಎರಡು ಬದಿ ಉದ್ದ ಹೊರಗ ಬಿಡ್ರಿ, ಆಮ್ಯಾಲ ಕಿವಿ ಹಿಡಿದು ಎತ್ತಿದಂಗ ಇಡೀ ಚೀಸ್‌ಕೇಕ್ ಎತ್ತಬಹುದು. ಪೇಪರ್ ಮ್ಯಾಲ ಬೆಣ್ಣಿ ಹಚ್ಚಿ ಒಂದು ಚಮಚಾ ದಾಲ್ಚಿನ್ನಿ ಸಕ್ರಿ ಉದುರಿಸಿ, ಅದರ ಮ್ಯಾಲ ಕೆಳಗಿನ ಪದರು ಹಾಸಿ, ಫೋರ್ಕಿಲೆ ಇಪ್ಪತ್ತು ಕಡಿ ಚುಚ್ಚಿ, ಇದೊಂದನ್ನೇ 10 ನಿಮಿಷ ಬೇಯಿಸ್ರಿ. ಡಬ್ಬಿ ಹಿಟ್ಟಿನ್ಯಾಗ ಮಾಡೋ ಭಾಳ ಮಂದಿ ಇದನ್ನ ಮಾಡಂಗಿಲ್ಲ, ಆದ್ರ ನಮ್ಮ ಕಣಕಕ್ಕ ಬೇಕೇ ಬೇಕು, ಹಸಿ ಹಿಟ್ಟಿನ ಮ್ಯಾಲ ಹೂರಣ ಸುರುವಿದ್ರ ಕೆಳಗ ಎಂದೂ ಬೇಯಂಗಿಲ್ಲ. ಹೊರಗ ತೆಗದು 10 ನಿಮಿಷ ಆರಿಸ್ರಿ. ಹೂರಣ ಎರಡು ಟ್ರೇಕ್ಕ ಸಮ ಹಂಚಿ, ಮೂಲಿ ಮೂಲಿಗೆ ಸರಿಸಿ ಮಟ್ಟಸ ಮಾಡ್ರಿ. ಮ್ಯಾಲಿನ ಪದರು ಬಟರ್ ಪೇಪರ್ ಸಮೇತ ಫ್ರಿಜ್‌ದಾಗ 10 ನಿಮಿಷ ಗಟ್ಟಿ ಮಾಡಿದ್ರ ತಾಟ ಡಬ್ಬ ಹಾಕಿದಂಗ ಹಾಕಿ ಪೇಪರ್ ಸುಲದು ತೆಗೀಬಹುದು, ಮೆತ್ತಗಿದ್ದಾಗ ಎತ್ಲಾಕ ಹೋದ್ರ ಹರೀತದ. ಅಂಚು ಒತ್ತಿ, ಹತ್ತು ಹನ್ನೆರಡು ಕಡಿ ಚುಚ್ರಿ, ಇಲ್ಲಂದ್ರ ಪೂರಿ ಹಂಗ ಉಬ್ಬಿ ನಡುವ ಪೊಳ್ಳು ಬೀಳ್ತದ.

ಕರಗಿದ ಬೆಣ್ಣಿ ಒಂದು ಟ್ರೇಕ್ಕ 40 ಗ್ರಾಂ, ಬ್ರಷ್‌ಲೆ ಎಲ್ಲಾ ಕಡಿ ಹಚ್ಚಿ, ದಾಲ್ಚಿನ್ನಿ ಸಕ್ರಿ ಅಂಚಿನ ತನಕ ಉದುರಿಸ್ರಿ. ನಡುವಿನ ರ‍್ಯಾಕ್‌ದಾಗ 35ರಿಂದ 40 ನಿಮಿಷ. ಎರಡೂ ಟ್ರೇ ಒಮ್ಮೆಲೇ ಹಿಡೀಲಿಲ್ಲ ಅಂದ್ರ ಒಂದರ ಹಿಂದ ಒಂದು ಇಡ್ರಿ, ಕಾಯೋ ಟ್ರೇ ಫ್ರಿಜ್‌ದಾಗ ಇರ್ಲಿ. 25 ನಿಮಿಷಕ್ಕ ಟ್ರೇ ತಿರುಗಿಸಿ ಇಡ್ರಿ. ಮ್ಯಾಲ ಬೆಲ್ಲದ ಬಣ್ಣ ಬರಬೇಕು, ಅಂಚಿನ್ಯಾಗ ಬೆಣ್ಣಿ ಸಣ್ಣಗ ಗುಳುಗುಳು ಅಂತಿರ್ಬೇಕು, ಟ್ರೇ ಮೆಲ್ಲಕ ಅಲುಗಿಸಿದ್ರ ನಡುವ ಒಂಚೂರು ನಡುಗಬೇಕು. ಪೂರಾ ಬಿಗಿ ಆಗೋ ತನಕ ಕಾದ್ರ ಹೂರಣ ಒಣಗಿ ಪನೀರ್ ಬುರ್ಜಿ ಆಗ್ತದ, ಆರಿದ ಮ್ಯಾಲ ಅದು ತಾನೇ ಗಟ್ಟಿ ಆಗೋದೇ ಅದ.

ಮೈಕ್ರೋವೇವ್ ಇದ್ರ ಕನ್ವೆಕ್ಷನ್ ಮೋಡ್‌ದಾಗ 170ಕ್ಕ ಆಗ್ತದ. ಕುಕ್ಕರ್‌ದಾಗ ಉಪ್ಪು ಹಾಸಿ ಮಾಡಬಹುದಾ ಅಂತ ಕೇಳ್ತಾರ, ಇದಕ್ಕ ಬ್ಯಾಡ, ಕುಕ್ಕರ್‌ದಾಗ ಮ್ಯಾಲಿಂದ ಕಾವು ಇರಂಗಿಲ್ಲ, ಸಕ್ರಿ ಗರಿ ಆಗಂಗಿಲ್ಲ, ಬೆವತು ಕೂಡ್ತದ.

ಇನ್ನೊಂದು ದಾರಿ ನಮ್ಮ ಕಡಿ ಅದ. ಮನ್ಯಾಗ ಬಿಸ್ಕೂಟ್ ಸಾಮಾನು ಕೊಟ್ಟು ಬೇಕರಿ ಭಟ್ಟ್ಯಾಗ ಸುಡಿಸಿ ತರೋ ರೂಢಿ ಇನ್ನೂ ಬಿಟ್ಟಿಲ್ಲ, ನಾಲ್ಕಾರು ಟ್ರೇ ಇದ್ರ ಅದು ಛಲೋ. ಆದ್ರ ಮುಂದ ನಿಂತು ಮಾಡಸ್ರಿ. ಒಮ್ಮೆ ನಾ ಒಂದು ಬೇಕರ್ಯಾಗ ನಾಲ್ಕು ಟ್ರೇ ಕೊಟ್ಟು ಮನಿಗೆ ಬಂದೆ, ಬ್ರೆಡ್ ಸುಡೋ ಹೊತ್ತಿನ ಪೂರಾ ಕಾವಿನ್ಯಾಗ ಇಟ್ಟಿದ್ರು, ಮ್ಯಾಲ ಸಕ್ರಿ ಕರ್ರಗ ಕಹಿ ಆಗಿ ಒಳಗ ಹಸಿನೇ ಉಳಿದಿತ್ತು, ನಾಲ್ಕೂ ಹೋದ್ವು. ಬ್ರೆಡ್ ಎಲ್ಲಾ ಮುಗಿದು ಭಟ್ಟಿ ಕಾವು ಇಳಿದ ಮ್ಯಾಲ ಇಡ್ಲಾಕ ಹೇಳ್ರಿ, 20 ನಿಮಿಷಕ್ಕ ಒಮ್ಮೆ ನೋಡ್ರಿ, ಕೆಂಪು ಬಂದ್ರ ಮ್ಯಾಲ ಫಾಯಿಲ್ ಮುಚ್ರಿ.

ಆರೋದು, ಕೊಯ್ಯೋದು, ಒಯ್ಯೋದು

ಇಲ್ಲಿ ತಾಳ್ಮಿ ಬೇಕು. ಬಿಸಿದು ಕೊಯ್ದ್ರ ಹೂರಣ ಹರದು ಹೊರಗ ಬರ್ತದ. ಒಂದು ತಾಸು, ಭಾಳ ಅಂದ್ರ ಒಂದೂವರಿ ತಾಸು ಫ್ಯಾನ್ ಕೆಳಗ ಆರಿಸಿ, ಮುಚ್ಚಲಾರದ ಫ್ರಿಜ್‌ದಾಗ ಇಡ್ರಿ, ಪೂರಾ ತಣ್ಣಗಾದ ಮ್ಯಾಲ ಮುಚ್ರಿ. ಬಿಸಿ ಇದ್ದಾಗ ಮುಚ್ಚಿದ್ರ ಹಬಿ ನೀರಾಗಿ ಸಕ್ರಿ ಮ್ಯಾಲ ಹನಿ ಬೀಳ್ತದ, ಗರಿ ಹೋಯ್ತು. ಕಡಿಮಿ ಅಂದ್ರ ನಾಲ್ಕು ತಾಸು, ನನ್ನ ಕೇಳಿದ್ರ ರಾತ್ರಿ ಪೂರಾ. ಅದಕ್ಕ ಐತವಾರ ಕಾರ್ಯಕ್ರಮ ಅಂದ್ರ ಶುಕ್ರವಾರ ರಾತ್ರಿ ಮೊಸರು ಕಟ್ಟ್ರಿ, ಶನಿವಾರ ಮುಂಜಾನಿ ಬಿಸಲು ಏರೋದ್ರಾಗ ಕಣಕ ಮಾಡಿ ಬೇಯಿಸಿ ಮುಗಸ್ರಿ, ಐತವಾರ ಬರೇ ಕೊಯ್ಯೋದು. ಕಾರ್ಯಕ್ರಮದ ದಿನ ಅಡಗಿ ಮನ್ಯಾಗ ಸಾರು, ಪಲ್ಯ, ರೊಟ್ಟಿ ಅಂತ ಹತ್ತು ಕೈ ಓಡಾಡ್ತಿರ್ತಾವ, ಓವನ್ ಹಚ್ಚೋ ಪುರಸೊತ್ತು ಯಾರಿಗೂ ಇರಂಗಿಲ್ಲ.

ಕರೆಂಟಿನ ಭರವಸಾ ಇಲ್ಲದ ದಿನ ಫ್ರಿಜ್ ಬಾಗಿಲ ಪದೇ ಪದೇ ತೆಗೀಬ್ಯಾಡ್ರಿ. ಬೇಯುವಾಗ ಹೋದ್ರ ಓವನ್ ಬಾಗಿಲ ತೆಗಿಲಾರದೇ ಹಂಗೇ ಬಿಡ್ರಿ, ಒಳಗಿನ ಕಾವಿನ್ಯಾಗ ಸುಮಾರು ಹೊತ್ತು ಬೇಯ್ತದ, ಬಂದ ಮ್ಯಾಲ ಉಳಿದ ಟೈಮ್ ಕೊಡ್ರಿ.

ಪೇಪರ್ ಹಿಡಿದು ಎತ್ತಿ ಮಣಿ ಮ್ಯಾಲ ಇಟ್ಟು, ಉದ್ದನ ಚಾಕು ಬಿಸಿ ನೀರಾಗ ಅದ್ದಿ ಒರಸಿ, ಮ್ಯಾಲಿಂದ ಸೀದಾ ಕೆಳಗ ಒತ್ತಿ ಕೊಯ್ರಿ, ಗರಗಸದಂಗ ಎಳದಾಡಬ್ಯಾಡ್ರಿ. ಪ್ರತಿ ಸಲ ಒರಸ್ರಿ. ಜೇನು ಹಾಕೋದಿದ್ರ ಕೊಡೋ ಹೊತ್ತಿಗೆ ಎಳಿ ಎಳಿ ಬಿಡ್ರಿ, ಮೊದ್ಲೇ ಹಾಕಿದ್ರ ಸಕ್ರಿ ಕರಗ್ತದ.

ಬ್ಯಾರೆ ಕಡಿ ಒಯ್ಯೋದಿದ್ರ ಕೊಯ್ಯಲಾರದ ಟ್ರೇ ಸಮೇತ ಥರ್ಮಾಕೋಲ್ ಡಬ್ಬ್ಯಾಗ, ಸುತ್ತ ಐಸ್ ಗಟ್ಟಿ ಮಾಡಿದ ನೀರಿನ ಬಾಟಲಿ ಇಟ್ಟು ಒಯ್ರಿ. ಇದು ಹಾಲಿನ ಪದಾರ್ಥ, ಹೊರಗ ಎರಡು ತಾಸಿನಕಿಂತ ಹೆಚ್ಚು ಇಡಬಾರದು, 32 ಡಿಗ್ರಿ ದಾಟಿದ ದಿನ ಒಂದೇ ತಾಸು, ಅಂದ್ರ ನಮ್ಮ ಊರಿನ್ಯಾಗ ಬ್ಯಾಸಗಿ ಪೂರಾ ಒಂದೇ ತಾಸು ಅಂತ ತಿಳ್ಕೋರಿ. ಎಲ್ಲಾ ಒಮ್ಮೆಲೇ ಟೇಬಲ್ ಮ್ಯಾಲ ಹರಡಬ್ಯಾಡ್ರಿ, ಒಂದು ಟ್ರೇ ಮುಗಿದ ಮ್ಯಾಲ ಇನ್ನೊಂದು ತೆಗೀರಿ. ಪೆಂಡಾಲ್‌ದಾಗ ಮಧ್ಯಾಹ್ನ ಉಳಿದು ಬೆವತಿದ್ದು ಮಕ್ಕಳಿಗೆ ಮತ್ತ ಸಂಜಿಗೆ ಕೊಡಬ್ಯಾಡ್ರಿ, ಬಸುರಿ ಹೆಣ್ಮಗಳು ಮನ್ಯಾಗ ಇದ್ರಂತೂ ಎರಡು ಮಾತಿಲ್ಲ.

ಫ್ರಿಜ್‌ದಾಗೇ ಇದ್ದ ತುಂಡು ಮೂರು ದಿನ ಛಲೋ ಇರ್ತಾವ. ಎರಡನೇ ದಿನಕ್ಕ ಕೆಳಗಿನ ಪದರು ಒಂಚೂರು ಮೆತ್ತಗಾಗಿರ್ತದ, ಆಗ ದಪ್ಪನ ತವಾ ಸಣ್ಣ ಉರಿ ಮ್ಯಾಲ ಕಾಯಿಸಿ, ಎಣ್ಣಿ ಬೆಣ್ಣಿ ಏನೂ ಹಾಕಲಾರದ, ತುಂಡು ಹಂಗೇ ಎರಡು ನಿಮಿಷ ಇಡ್ರಿ, ಮುಚ್ಚಬ್ಯಾಡ್ರಿ, ಮಗ್ಗಲ ಹಾಕಬ್ಯಾಡ್ರಿ. ಕೆಳಗ ಮತ್ತ ಗರಿ ಆಗ್ತದ, ನಡುವಿನ ಹೂರಣ ತಣ್ಣಗೇ ಇರ್ತದ.